ಶೋಕದಲ್ಲಿಯೂ ಬಿಡದ ಸೇವೆ

ಮಳೆ ತಪ್ಪಿದಾಗಲೂ ಮನೆಯಲ್ಲಿ ಮರಣವು ಸಂಭವಿಸಿದಾಗಲೂ ದೇವರು ನಮ್ಮನ್ನು ಮರೆತನೋ ಎಂದು ಕಳವಳಪಡುತ್ತೇವೆ. ಆಗ ಫರ್ಡಿನಾಂಡ್ ಕಿಟ್ಟೆಲ್ ಪಾದ್ರಿಯವರ ಜೀವಿತವನ್ನು ನೆನೆಯಿರಿ.

1832ರಲ್ಲಿ ಜರ್ಮನಿ ದೇಶದಲ್ಲಿ ಹುಟ್ಟಿದ ಇವರು 1853ರಲ್ಲಿ ಬಾಸೆಲ್ ಮಿಶನ್ನಿನ ಸೇವಕರಾಗಿ ಕನ್ನಡನಾಡಿಗೆ ಬಂದರು. 1860ರಲ್ಲಿ ವಿವಾಹವಾದರು, 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕಥಾಮಾಲೆಯೆಂಬ ಪದ್ಯಗ್ರಂಥವಾಗಿ ಪ್ರಕಟಿಸಿದರು. ಎರಡೇ ವರುಷಗಳಲ್ಲಿ, 1864ರಲ್ಲಿ, ಪತ್ನಿ ಪೌಲಿನಾ ತೀರಿಹೋದರು. ಆದರೂ ಅವರು ಕರ್ತನ ಸೇವೆಯನ್ನು ತೊರೆಯಲಿಲ್ಲ. ಜನರ ನುಡಿಗಳನ್ನೂ ಹಳೆಯ ಗ್ರಂಥಗಳ ಪದಗಳನ್ನೂ ತಾಳ್ಮೆಯಿಂದ ಕೂಡಿಸಿ, 1894ರಲ್ಲಿ ಮಂಗಳೂರಿನಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಹೊರತಂದರು. 1903ರಲ್ಲಿ ಸ್ವದೇಶದಲ್ಲಿ ಕರ್ತನಲ್ಲಿ ನಿದ್ರೆಹೊಂದಿದರು.

ಶಿರಹಟ್ಟಿ ಸೀಮೆಯ ಒಕ್ಕಲಿಗನು ಫಲವನ್ನು ಕಾಣುವ ಮುಂಚೆಯೇ ಬಿತ್ತುವನಲ್ಲವೇ? ಹಾಗೆಯೇ, ಕಷ್ಟದ ಕಾರಣವು ತಿಳಿಯದಿದ್ದರೂ ದೇವರು ಒಳ್ಳೆಯವನೆಂದು ನಂಬಿ, ಆತನು ಕೊಟ್ಟ ಕೆಲಸವನ್ನು ಮಾಡುತ್ತಿರೋಣ.