ಬಾರ್ಟಲ್ ಫ್ರೇರ್

ಸರ್ ಹೆನ್ರಿ ಬಾರ್ಟಲ್ ಎಡ್ವರ್ಡ್ ಫ್ರೇರ್ (29 ಮಾರ್ಚ್ 1815 – 29 ಮೇ 1884) ಬ್ರಿಟಿಷ್ ಆಡಳಿತಗಾರ. 1862ರಿಂದ 1867ರವರೆಗೆ ಮುಂಬಯಿ ಪ್ರಾಂತದ ಗವರ್ನರ್. ಕರಾಚಿ ಬಂದರಿನ ಬೆಳವಣಿಗೆ, ಮುಂಬಯಿ ಕೋಟೆಗೋಡೆಗಳ ನೆಲಸಮ, ಜಂಜಿಬಾರಿನ ಗುಲಾಮ ವ್ಯಾಪಾರ ನಿಷೇಧದ ಒಪ್ಪಂದ ಹಾಗೂ 1879ರ ಜುಲು ಯುದ್ಧಗಳೊಂದಿಗೆ ಇವನ ಹೆಸರು ಸೇರಿಕೊಂಡಿದೆ. ಧಾರವಾಡ–ಹುಬ್ಬಳ್ಳಿ ಸೀಮೆಯ ಮಟ್ಟಿಗೆ ಇವನ ಆಡಳಿತಕಾಲದ ಮುಖ್ಯ ಸಂಗತಿ ಹತ್ತಿಯ ರಸ್ತೆಗಳದು. ಮಳೆ ಹಿಡಿದೊಡನೆ ಭಾರದ ಚಕ್ಕಡಿಗಳನ್ನು ಹೊರಲಾರದಾಗುತ್ತಿದ್ದ ಎರೆನೆಲದ ದಾರಿಗಳನ್ನು ಕಾರವಾರದ ಬಂದರಿಗೆ ಜೋಡಿಸುವ ಯತ್ನ ಆಗ ನಡೆಯಿತು.

ಆರಂಭಿಕ ಜೀವನ

ಫ್ರೇರ್ ವೇಲ್ಸ್‌ನ ಕ್ಲೈಡಾಕ್‌ನಲ್ಲಿ ಜನಿಸಿದನು. ಬಾತ್ ನಗರದಲ್ಲಿ ಶಾಲಾ ಶಿಕ್ಷಣವನ್ನೂ ಈಸ್ಟ್ ಇಂಡಿಯಾ ಕಂಪನಿಯ ಹೈಲಿಬರಿ ಕಾಲೇಜಿನಲ್ಲಿ ಆಡಳಿತ ಶಿಕ್ಷಣವನ್ನೂ ಪಡೆದು 1834ರಲ್ಲಿ ಮುಂಬಯಿಗೆ ಬಂದನು. ಆಗ ರೂಢಿಯಲ್ಲಿದ್ದ ಆಫ್ರಿಕವನ್ನು ಸುತ್ತಿ ಬರುವ ಹಡಗುಮಾರ್ಗವನ್ನು ಬಿಟ್ಟು, ಈಜಿಪ್ಟನ್ನು ದಾಟಿ, ಕೆಂಪು ಸಮುದ್ರದಲ್ಲಿ ತೆರೆದ ದೋಣಿಯಲ್ಲಿ ಸಾಗಿ, ಅರಬರ ಹಾಯಿಹಡಗಿನಲ್ಲಿ ಮುಂಬಯಿ ತಲುಪಿದನು. ಪುಣೆ ಜಿಲ್ಲೆಯಲ್ಲಿ ಸಹಾಯಕ ಕಲೆಕ್ಟರನಾಗಿದ್ದಾಗ ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಯೊಡನೆ ಇಂದಾಪುರ ಭಾಗದ ಭೂಕಂದಾಯದ ಅನ್ಯಾಯಗಳನ್ನು ಪರಿಶೀಲಿಸಿದನು. ಅಲ್ಲಿ ರೂಪುಗೊಂಡ ಭೂಮಾಪನ ಪದ್ಧತಿಯೇ ಮುಂದೆ ವಿಂಗೇಟನ ಕೈಯಲ್ಲಿ ಧಾರವಾಡ ಜಿಲ್ಲೆಗೂ ಬಂದಿತು.

1842ರಲ್ಲಿ ಗವರ್ನರ್ ಸರ್ ಜಾರ್ಜ್ ಆರ್ಥರನ ಖಾಸಗಿ ಕಾರ್ಯದರ್ಶಿಯಾದ ಫ್ರೇರ್, 1844ರಲ್ಲಿ ಅವನ ಮಗಳು ಕ್ಯಾಥರೀನಳನ್ನು ವಿವಾಹವಾದನು. 1847ರಲ್ಲಿ ಸಾತಾರೆಯ ರೆಸಿಡೆಂಟನಾದನು. ಮರುವರ್ಷ ರಾಜನು ತೀರಿಕೊಂಡಾಗ ಸಂಸ್ಥಾನವನ್ನು ವಶಪಡಿಸಿಕೊಳ್ಳುವುದು ಸರಿಯಲ್ಲವೆಂದು ವಾದಿಸಿದನು. ಅದು ನಡೆದುಹೋದ ಮೇಲೆ ಆಡಳಿತವನ್ನೂ ತಾನೇ ನಡೆಸಿದನು. 1850ರಿಂದ 1859ರವರೆಗೆ ಸಿಂಧ್ ಪ್ರಾಂತದ ಕಮಿಷನರ್. 1852ರಲ್ಲಿ ಹೊರಬಂದ ಸಿಂಧ್ ಡಾಕ್ ಅಂಚೆಚೀಟಿ ಇವನ ಕಾಲದ್ದು; ಏಷ್ಯಾ ಖಂಡದಲ್ಲಿಯೇ ಅದು ಮೊದಲನೆಯದು. ಅನಂತರ ಕಲ್ಕತ್ತೆಯಲ್ಲಿ ವೈಸರಾಯನ ಮಂಡಳಿಯ ಸದಸ್ಯನಾಗಿದ್ದು, 1862ರ ಏಪ್ರಿಲಿನಲ್ಲಿ ಮುಂಬಯಿಯ ಗವರ್ನರ್ ಪದವಿಗೆ ಬಂದನು.

ಎರೆನೆಲದ ರಸ್ತೆಗಳು ಮತ್ತು ಕಾರವಾರ

ಅಮೆರಿಕದ ಅಂತರ್ಯುದ್ಧದಿಂದಾಗಿ (1861–65) ಲಂಕಾಶೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತ್ತು. ಧಾರವಾಡ ಸೀಮೆಯಲ್ಲಿ ಜವಾರಿ ಹತ್ತಿಯ ಜೊತೆಗೆ, 1840ರ ದಶಕದಿಂದ ರೂಢಿಗೆ ಬಂದ ಅಮೆರಿಕನ್ ತಳಿಯ ಹತ್ತಿಯೂ ಬೆಳೆಯುತ್ತಿತ್ತು. ಕೊರತೆ ಇದ್ದದ್ದು ಸಾಗಣೆಯಲ್ಲಿ.

ಧಾರವಾಡದ ಪಶ್ಚಿಮಕ್ಕೆ ಮಲೆನಾಡಿನ ಕೆಂಪು ಮಣ್ಣು. ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಗದಗಗಳ ಕಡೆಗೆ ಎರೆಭೂಮಿ. ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ಕಲ್ಲಿನಂತಿದ್ದು ಯಾವ ಭಾರವನ್ನಾದರೂ ತಾಳುವ ದಾರಿಯು ಜಡಿಮಳೆಯಲ್ಲಿ ಬರಿಯ ಚಕ್ಕಡಿಯನ್ನೂ ಅಚ್ಚಿನವರೆಗೆ ಹೂತುಕೊಳ್ಳುತ್ತದೆ. ಜಲ್ಲಿ ಹಾಸೋಣವೆಂದರೆ ಎರೆ ಬಯಲಿನಲ್ಲಿ ಕಲ್ಲೇ ದುರ್ಲಭ. ಹಾಸಿದ ಕಲ್ಲೂ ಕೆಳಗಿನ ನೆಲ ನೆನೆದರೆ ಒಳಗಿಳಿಯುತ್ತದೆ. ಶೀತದೇಶಗಳಲ್ಲಿ ಹಿಮ ಕರಗುವ ತಿಂಗಳುಗಳಲ್ಲಿ ರಸ್ತೆಯ ತಳ ಮೆತ್ತಗಾಗುವುದರಿಂದ ಭಾರದ ಲಾರಿಗಳಿಗೆ ತೂಕದ ಮಿತಿ ಹಾಕುವ ಪದ್ಧತಿಯಿದೆ. ಅಲ್ಲಿ ಕರಗಿದ ಹಿಮದ ನೀರು ಮಾಡುವುದನ್ನು ಇಲ್ಲಿ ಮುಂಗಾರು ಮಾಡುತ್ತದೆ. ಅಂದು ಇಲ್ಲಿ ಮಿತಿ ಹಾಕುತ್ತಿದ್ದುದು ನೆಲವೇ.

ಹತ್ತಿಯ ಪಂಚಾಂಗವೂ ಈ ಮಿತಿಯೊಳಗೆ ಇಕ್ಕಟ್ಟಾಗಿತ್ತು. ಆಗಸ್ಟ್–ಸೆಪ್ಟೆಂಬರಿನಲ್ಲಿ ಬಿತ್ತಿದ ಹತ್ತಿ ಬಿಡಿಸಲು ಬರುವುದು ಫೆಬ್ರವರಿಯಿಂದ ಏಪ್ರಿಲ್ ತನಕ. ಅಷ್ಟರಲ್ಲಿ ಬಿಡಿಸಿ, ಕಾಳು ತೆಗೆದು, ಅಂಡಿಗೆ ಕಟ್ಟಿ, ಶಿರಸಿಯ ಮೇಲೆ ದೇವಿಮನೆ ಘಟ್ಟ ಇಳಿಸಿ ಕುಮಟೆಗೆ ಮುಟ್ಟಿಸಬೇಕು. ಜೂನ್ ಹಿಡಿದರೆ ದಾರಿಯೂ ಇಲ್ಲ, ಹಾಯಿಹಡಗಿಗೆ ಸಮುದ್ರವೂ ಇಲ್ಲ. ಹಿಂದುಳಿದ ಅಂಡಿಗೆ ಮಳೆಗಾಲವಿಡೀ ಕೊಳೆಯಬೇಕು, ಇಲ್ಲವೆ ದಲಾಲಿ ಹೇಳಿದ ಬೆಲೆಗೆ ಹೋಗಬೇಕು. ಬಂಡವಾಳವಿಲ್ಲದ ರೈತನಿಗೆ ಎರಡನೆಯದೇ ಗತಿ. ಧಾರವಾಡ ಸೀಮೆಯ ಹತ್ತಿಗೆ ಪೇಟೆಯಲ್ಲಿ ಕುಮಟಾ ಹತ್ತಿ ಎಂಬ ಹೆಸರು ಬಿದ್ದದ್ದು ಈ ಬಂದರಿನಿಂದಲೇ. ಅಲ್ಲಿ ಹತ್ತಿ ಬೆಳೆಯುವುದಿಲ್ಲ.

ಕುಮಟೆಗಿಂತ ಆಳವಾದ, ಆಸರೆಯುಳ್ಳ ಬಂದರು ಕಾರವಾರದ ಸದಾಶಿವಗಡದ ಬಳಿ ಇತ್ತು. ಆದರೆ ಕೆನರಾ ಮದರಾಸು ಪ್ರಾಂತದಲ್ಲಿಯೂ ಧಾರವಾಡ ಮುಂಬಯಿ ಪ್ರಾಂತದಲ್ಲಿಯೂ ಇದ್ದವು. ಬಯಲಿನ ರಸ್ತೆ ಒಂದು ಸರಕಾರದ್ದು, ಘಟ್ಟದ ರಸ್ತೆ ಇನ್ನೊಂದರದು. 1860ರಲ್ಲಿ ಸ್ಥಾಪನೆಯಾದ ಮ್ಯಾಂಚೆಸ್ಟರ್ ಕಾಟನ್ ಕಂಪನಿ ಸದಾಶಿವಗಡಕ್ಕೆ ಯಂತ್ರಗಳನ್ನು ತಂದಿಳಿಸಿದಾಗ ಘಟ್ಟದ ರಸ್ತೆ ಸಿದ್ಧವಾಗಿರಲಿಲ್ಲ. ಲಂಕಾಶೈರಿನ ಒತ್ತಾಯದ ಫಲವಾಗಿ 1862ರಲ್ಲಿ ಕುಂದಾಪುರ ತಾಲೂಕನ್ನು ಬಿಟ್ಟು ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. ಈ ತೀರ್ಮಾನ ಫ್ರೇರನೊಬ್ಬನದಲ್ಲ. ಅದನ್ನು ಕಾರ್ಯರೂಪಕ್ಕೆ ತರುವ ಹೊಣೆ ಅವನ ಸರಕಾರದ್ದಾಯಿತು. ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯಿತು. ಯಲ್ಲಾಪುರ, ಅರಬೈಲು ಘಟ್ಟಗಳ ಮೂಲಕ ಚಕ್ಕಡಿ ರಸ್ತೆ ಕರಾವಳಿಗೆ ಇಳಿಯಿತು. ಕನ್ನಡ ಕರಾವಳಿಯ ಎರಡು ಭಾಗಗಳು 1956ರವರೆಗೆ ಬೇರೆಬೇರೆ ಪ್ರಾಂತ, ರಾಜ್ಯಗಳಲ್ಲಿ ಉಳಿದುದಕ್ಕೆ ಮೂಲ ಈ ಹತ್ತಿಯ ಲೆಕ್ಕಾಚಾರವೆಂಬುದು ಗಮನಿಸತಕ್ಕದ್ದು.

ಬೆಲೆ ಏರಿದಂತೆ ಹತ್ತಿಯಲ್ಲಿ ಕಾಳು, ಕಸ, ನೀರು ಬೆರೆಸುವುದೂ ಹೆಚ್ಚಿತು. 1863ರಲ್ಲಿ ಫ್ರೇರನ ಸರಕಾರ ಹತ್ತಿ ವಂಚನೆ ತಡೆ ಕಾನೂನನ್ನು ತಂದಿತು. ಧಾರವಾಡದ ಸರಕಾರಿ ಜಿನ್ ಕಾರಖಾನೆಯನ್ನು ನೋಡಿಕೊಳ್ಳುತ್ತಿದ್ದ ಡಾ. ಫೋರ್ಬ್ಸ್ ಹತ್ತಿ ಕಮಿಷನರನಾದನು.

ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಮ್ಯಾಂಚೆಸ್ಟರ್ ಕಂಪನಿ ಅದಕ್ಕೂ ಮೊದಲೇ ಮುಚ್ಚಿತ್ತು. ಕಾರವಾರಕ್ಕೆ ಆಗ ರೈಲು ಬರಲಿಲ್ಲ. ಆದರೂ ರಸ್ತೆ ವ್ಯರ್ಥವಾಗಲಿಲ್ಲ. 1876–78ರ ಭೀಕರ ಬರಗಾಲದಲ್ಲಿ ಧಾರವಾಡ ಜಿಲ್ಲೆಗೆ ರೈಲಿರಲಿಲ್ಲ. ಹತ್ತಿ ಇಳಿಯುತ್ತಿದ್ದ ಘಟ್ಟಗಳನ್ನೇ ಹತ್ತಿ ಕಾರವಾರ, ಕುಮಟೆಗಳಿಂದ ಧಾನ್ಯ ಮೇಲೆ ಬಂದಿತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಹುಬ್ಬಳ್ಳಿಯನ್ನು ಗೋವೆಯ ಮುರಗಾವ ಬಂದರಿಗೆ ಜೋಡಿಸಿದ ಮೇಲೆ ಹತ್ತಿ ಆ ಕಡೆ ತಿರುಗಿತು. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ಯೋಜನೆ ಪಶ್ಚಿಮಘಟ್ಟದ ಅರಣ್ಯದ ಪ್ರಶ್ನೆಯಿಂದಾಗಿ ದಶಕಗಳ ಕಾಲ ನೆನೆಗುದಿಗೆ ಬಿದ್ದಿತು. ಅರಬೈಲು ಘಟ್ಟದಲ್ಲಿ ಇಂದು ಲಾರಿಗಳು ಓಡುತ್ತವೆ. ಮಳೆಗಾಲದಲ್ಲಿ ಕೊಡಗು ಮೊದಲಾದ ಜಿಲ್ಲೆಗಳಲ್ಲಿ 1988ರ ಮೋಟಾರು ವಾಹನ ಕಾಯಿದೆಯ 115ನೆಯ ಕಲಮಿನಂತೆ ಜಿಲ್ಲಾಧಿಕಾರಿಗಳು ಭಾರಿ ಸರಕು ವಾಹನಗಳನ್ನು ನಿರ್ಬಂಧಿಸುತ್ತಾರೆ.

ಮುಂಬಯಿ ನಗರ

21 ಏಪ್ರಿಲ್ 1863ರಂದು ಫ್ರೇರ್ ಬೋರ್ ಘಾಟಿನ ರೈಲುಮಾರ್ಗವನ್ನು ಉದ್ಘಾಟಿಸಿದನು. ಕೋಟೆಗೋಡೆಗಳನ್ನು ಕೆಡವಿಸಿ ನಗರವನ್ನು ವಿಸ್ತರಿಸಿದನು. ಹತ್ತಿಯ ಹಣದಿಂದ ಹುಟ್ಟಿದ ಸಟ್ಟಾವ್ಯಾಪಾರವನ್ನು ಮಾತ್ರ ತಡೆಯಲಿಲ್ಲ. ಬ್ಯಾಂಕ್ ಆಫ್ ಬಾಂಬೆ ಮುರಿದುಬಿದ್ದಾಗ ಅವನ ಸರಕಾರವೂ ಟೀಕೆಗೆ ಗುರಿಯಾಯಿತು.

ಇವನ ಮಗಳು ಮೇರಿ ಫ್ರೇರ್ 1868ರಲ್ಲಿ ಓಲ್ಡ್ ಡೆಕ್ಕನ್ ಡೇಸ್ ಎಂಬ ಜಾನಪದ ಕಥೆಗಳ ಸಂಗ್ರಹವನ್ನು ಪ್ರಕಟಿಸಿದಳು. ಕಥೆಗಳನ್ನು ಹೇಳಿದವಳು ಮನೆಯ ಆಯಾ ಅನ್ನಾ ಲಿಬರಾಟಾ ಡಿಸೋಜಾ. ಅವಳ ಅಜ್ಜನ ಮನೆತನ ಮೂಲತಃ ಲಿಂಗಾಯತರದು.

ಆಫ್ರಿಕ

1873ರಲ್ಲಿ ಜಂಜಿಬಾರಿನ ಸುಲ್ತಾನನೊಡನೆ ಗುಲಾಮ ವ್ಯಾಪಾರ ನಿಷೇಧದ ಒಪ್ಪಂದವಾಯಿತು; ಅದರ ಮಾತುಕತೆಗೆ ಫ್ರೇರನನ್ನು ಕಳುಹಿಸಲಾಗಿತ್ತು. 1877ರಲ್ಲಿ ದಕ್ಷಿಣ ಆಫ್ರಿಕದ ಹೈಕಮಿಷನರನಾದನು. 1878ರ ಡಿಸೆಂಬರಿನಲ್ಲಿ ಲಂಡನ್ನಿನ ಒಪ್ಪಿಗೆಗೆ ಕಾಯದೆ ಜುಲು ದೊರೆ ಸೆಟ್ಸ್‌ವಾಯೋಗೆ, ಅವನು ಒಪ್ಪಲಾಗದಂತಹ ಷರತ್ತುಗಳ ಅಂತಿಮ ಎಚ್ಚರಿಕೆ ಕಳುಹಿಸಿದನು. ಜನವರಿ ಅಲ್ಲಿ ಮಳೆಗಾಲ. ಎತ್ತಿನ ಬಂಡಿಗಳ ಸಾಲು ಕೆಸರಿನಲ್ಲಿ ಸಿಕ್ಕಿ, ಸೈನ್ಯವು ದಿನಗಟ್ಟಲೆ ದಾರಿ ದುರಸ್ತಿ ಮಾಡುತ್ತ ಕುಳಿತಿತು. ಹತ್ತಿಯ ಚಕ್ಕಡಿಗಳನ್ನು ಮುಂಗಾರು ತಡೆಯುತ್ತಿದ್ದ ಪ್ರಾಂತವನ್ನು ಐದು ವರ್ಷ ಆಳಿದವನು ಆರಿಸಿದ ಕಾಲ ಇದು. 22 ಜನವರಿ 1879ರಂದು ಇಸಾಂಡ್ಲ್‌ವಾನಾದಲ್ಲಿ ಬ್ರಿಟಿಷ್ ಪಡೆ ನಾಶವಾಯಿತು. ಯುದ್ಧವನ್ನು ಕೊನೆಗೆ ಬ್ರಿಟಿಷರು ಗೆದ್ದರು, ಜುಲು ರಾಜ್ಯ ಅಳಿಯಿತು. ಫ್ರೇರನನ್ನು 1880ರಲ್ಲಿ ಹಿಂದಕ್ಕೆ ಕರೆಸಲಾಯಿತು.

ನಿಧನ

29 ಮೇ 1884ರಂದು ವಿಂಬಲ್ಡನ್‌ನಲ್ಲಿ ತೀರಿಕೊಂಡನು. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲಿನಲ್ಲಿ ಸಮಾಧಿಯಿದೆ. 1888ರಲ್ಲಿ ಥೇಮ್ಸ್ ದಂಡೆಯಲ್ಲಿ ಪ್ರತಿಮೆ ಸ್ಥಾಪಿಸಲಾಯಿತು. ಕರಾಚಿಯ ಫ್ರೇರ್ ಹಾಲ್ ಇವನ ಹೆಸರಿನಲ್ಲಿದೆ.