ಪಾಲಹಳ್ಳಿ ಕಡೆಯಿಂದ ಟಿಪ್ಪು

ನಮ್ಮೂರು ಪಾಲಹಳ್ಳಿ. ಶ್ರೀರಂಗಪಟ್ಟಣದಿಂದ ಕೆಆರ್‌ಎಸ್‌ಗೆ ಹೋಗೋ ರಸ್ತೆಯಲ್ಲಿ ಸಿಗುತ್ತೆ. ಊರಿಗೆ ತನ್ನದೇ ಒಂದು ಹಳೇ ಕತೆ ಇದೆ. 19ನೇ ಶತಮಾನದಲ್ಲಿ ಇಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಅಂತ ಒಂದಿತ್ತು. ಅದು ಇನ್ನೊಂದು ಸಂಚಿಕೆಗೆ ಇರಲಿ. ಹಾಸ್ಟೆಲ್ ಸೇರಿದ ಮೊದಲ ವರ್ಷವೇ ನನಗೊಂದು ಕೆಲಸ ಗಂಟುಬಿತ್ತು: ರಜೆ ಬಂದಾಗೆಲ್ಲ ಗೆಳೆಯರನ್ನು ಕರ್ಕೊಂಡು ಪಟ್ಟಣ ತೋರಿಸೋದು. ಹತ್ತು ಜನ, ಐದು ಬೈಕು, ಅದಕ್ಕಿಂತ ಹೆಚ್ಚು ಬೇಡ ಅಂತ ನನ್ನ ನಿಯಮ. ನಲವತ್ತು ಜನರ ಬಸ್ಸಿಳಿಸಿದರೆ ಸೆಲ್ಫಿ ಆಗುತ್ತೆ, ಮಾತು ಆಗಲ್ಲ.

ಈ ಮೇ ತಿಂಗಳಲ್ಲಿ ಹೋದ ಗುಂಪಲ್ಲಿ ಮಡಿಕೇರಿ ಕಡೆಯ ಜೂನಿಯರ್ ಒಬ್ಬ ಇದ್ದ. ಗಂಜಾಂನಲ್ಲಿ ಹುಟ್ಟಿ ಬೆಳೆದ ನನ್ನ ಕ್ಲಾಸ್‌ಮೇಟೂ ಇದ್ದ. ಒಬ್ಬನ ಮನೆಯಲ್ಲಿ ಟಿಪ್ಪು ಹೆಸರು ಎತ್ತಿದರೆ ಊಟ ನಿಲ್ಲುತ್ತೆ, ಇನ್ನೊಬ್ಬನ ಮನೆಯ ಗೋಡೆ ಮೇಲೆ ಟಿಪ್ಪು ಪಟ ಇದೆ. ಇಬ್ಬರನ್ನೂ ಕೂರಿಸ್ಕೊಂಡು ಒಂದೇ ಕತೆ ಹೇಳಬೇಕು. ಒಬ್ಬನ ಕಿವಿಗೆ ಒಂದು, ಇನ್ನೊಬ್ಬನ ಕಿವಿಗೆ ಇನ್ನೊಂದು ಹೇಳೋ ಹಾಗಿಲ್ಲ. ಆವತ್ತು ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ. ಟೀ ಶರ್ಟ್ ಮೇಲೆ ಬರೋ ಹುಲಿ-ನರಿ ಡೈಲಾಗ್ ಇದರಲ್ಲಿ ಇಲ್ಲ.

ಎಲ್ಲ ಗೈಡುಗಳೂ ಗುಂಬಜ್‌ನಲ್ಲಿ ಮುಗಿಸ್ತಾರೆ. ನಾನು ಅಲ್ಲಿಂದಲೇ ಶುರು ಮಾಡ್ತೀನಿ. ಯಾಕಂದ್ರೆ ಅದನ್ನು ಟಿಪ್ಪು ತನಗೋಸ್ಕರ ಕಟ್ಟಿಸಿದ್ದಲ್ಲ, ಅಪ್ಪ ಹೈದರಾಲಿಗೆ ಕಟ್ಟಿಸಿದ್ದು. ಹೊಳೆಯೋ ಕರಿಕಲ್ಲಿನ ಕಂಬಗಳ ನಡುವೆ ನಿಂತರೆ ಹೊರಗೆ ಎಷ್ಟೇ ಬಿಸಿಲಿದ್ದರೂ ತಣ್ಣಗಿರುತ್ತೆ. ಒಳಗೆ ಹೈದರ್, ಪಕ್ಕದಲ್ಲಿ ಟಿಪ್ಪುವಿನ ತಾಯಿ ಫಾತಿಮಾ ಫಖ್ರುನ್ನಿಸಾ, ಇನ್ನೊಂದು ಪಕ್ಕದಲ್ಲಿ ಟಿಪ್ಪು. ಹುಟ್ಟಿದ್ದು ದೇವನಹಳ್ಳಿಯಲ್ಲಿ. ವರ್ಷ 1750 ಅಂತ ಸಾಮಾನ್ಯವಾಗಿ ಹೇಳ್ತಾರೆ, 1751 ಅನ್ನುವವರೂ ಇದ್ದಾರೆ. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ಎಂಬ ಸಂತನ ಹೆಸರನ್ನು ಮಗನಿಗೆ ಇಟ್ಟರು. ಹೈದರ್ ಸಾಮಾನ್ಯ ಸಿಪಾಯಿಯಾಗಿ ಶುರು ಮಾಡಿ, ಒಡೆಯರ ಸಿಂಹಾಸನವನ್ನು ಹೆಸರಿಗೆ ಉಳಿಸಿ, ರಾಜ್ಯವನ್ನೇ ಕೈಗೆ ತಗೊಂಡವನು. ಓದು ಬರಹ ಅವನಿಗೆ ಇರಲಿಲ್ಲ. ಅದಕ್ಕೇ ಇರಬೇಕು, ಮಗನಿಗೆ ಪುಸ್ತಕವನ್ನೂ ಕತ್ತಿಯನ್ನೂ ಒಟ್ಟಿಗೇ ಕೊಟ್ಟ. 1767ರ ಮೊದಲ ಮೈಸೂರು ಯುದ್ಧದಲ್ಲಿ ಹದಿನಾರು ಹದಿನೇಳರ ಹುಡುಗ ಕುದುರೆ ದಂಡಿನ ಜೊತೆ ಮದ್ರಾಸಿನ ಹೊರವಲಯದ ತನಕ ನುಗ್ಗಿ ಬಂದಿದ್ದ. ಆ ವಯಸ್ಸಲ್ಲಿ ನಾವು ಸಿಇಟಿ ಕೌನ್ಸೆಲಿಂಗ್‌ನಲ್ಲಿ ಒದ್ದಾಡ್ತಿದ್ವಿ.

ಅಲ್ಲಿಂದ ದರಿಯಾ ದೌಲತ್. 1784ರಲ್ಲಿ ಕಟ್ಟಿಸಿದ ಬೇಸಗೆ ಅರಮನೆ. ಪಶ್ಚಿಮದ ಗೋಡೆ ತುಂಬ ಪೊಲ್ಲಿಲೂರು ಕದನದ ಚಿತ್ರ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಲಿಯ ಪಡೆಯನ್ನು ಮುರಿದ ದಿನ ಅದು. ಚಿತ್ರದ ನಡುವೆ ಪಲ್ಲಕ್ಕಿಯಲ್ಲಿ ಕೂತಿರೋ ಬೇಲಿ, ಅವನ ಸುತ್ತ ಚೌಕಾಕಾರವಾಗಿ ನಿಂತ ಸಿಪಾಯಿಗಳು, ಸಿಡಿತಾ ಇರೋ ಮದ್ದಿನ ಬಂಡಿ. ಆ ಬಂಡಿಗೆ ಬಿದ್ದದ್ದು ರಾಕೆಟ್ ಅಂತ ಕೆಲವರು, ಫಿರಂಗಿ ಗುಂಡು ಅಂತ ಕೆಲವರು. ಏನೇ ಇರಲಿ, ಇಂಗ್ಲಿಷರಿಗೆ ಭಾರತದಲ್ಲಿ ಅಲ್ಲಿಯವರೆಗೆ ಅಂಥ ಸೋಲು ಆಗಿರಲಿಲ್ಲ. ಆವತ್ತು ಸೆರೆ ಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಸ್ಕಾಟಿಷ್ ಯುವಕನಿದ್ದ. ಈ ಹೆಸರು ನೆನಪಿಟ್ಕೊಳ್ಳಿ.

ರಾಕೆಟ್ ಅಂದ ಕೂಡಲೇ ಮೆಕ್ಯಾನಿಕಲ್ ಹುಡುಗರ ಕಣ್ಣು ಅರಳುತ್ತೆ. ರಾಕೆಟ್ ಕಂಡುಹಿಡಿದದ್ದು ಟಿಪ್ಪು ಅಲ್ಲ, ಇವನಿಗಿಂತ ಎಷ್ಟೋ ಹಿಂದೆ ಚೀನಾದಲ್ಲಿತ್ತು. ಮೈಸೂರಿನವರು ಮಾಡಿದ್ದು ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬಿದ್ದು. ಕಾಗದದ, ಬಿದಿರಿನ ಕೊಳವೆ ತಡೆಯದ ಒತ್ತಡವನ್ನು ಕಬ್ಬಿಣ ತಡೀತು, ಹೊಡೆತ ಒಂದು ಕಿಲೋಮೀಟರಿನಾಚೆಗೂ ಹೋಯ್ತು. ಹೈದರ್ ಕಾಲದಲ್ಲೇ ಇದ್ದ ಈ ಪಡೆಯನ್ನು ಮಗ ಬಹಳ ಬೆಳೆಸಿದ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಒಂದು ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಪಟ್ಟಣ ಬಿದ್ದ ಮೇಲೆ ಇಲ್ಲಿಂದ ಇಂಗ್ಲೆಂಡಿಗೆ ಹೋದ ರಾಕೆಟ್‌ಗಳನ್ನು ನೋಡಿಯೇ ವಿಲಿಯಂ ಕಾಂಗ್ರೀವ್ ತನ್ನದನ್ನು ಮಾಡಿದ.

1782ರ ಡಿಸೆಂಬರ್‌ನಲ್ಲಿ ಹೈದರ್ ಚಿತ್ತೂರಿನ ಹತ್ತಿರ ಬೆನ್ನುಹುಣ್ಣಿನಿಂದ ತೀರಿಕೊಂಡ. ಟಿಪ್ಪು ಆಗ ಮಲಬಾರಿನಲ್ಲಿದ್ದ. ಪೂರ್ಣಯ್ಯ ಮೊದಲಾದವರು ಸಾವಿನ ಸುದ್ದಿ ಮುಚ್ಚಿಟ್ಟು, ಸೈನ್ಯ ಚದುರದಂತೆ ಕಾದು, ಟಿಪ್ಪು ಬಂದ ಮೇಲೆ ಅವನ ಕೈಗೆ ಒಪ್ಪಿಸಿದರು. ಯುದ್ಧ 1784ರ ಮಂಗಳೂರು ಒಪ್ಪಂದದಲ್ಲಿ ನಿಂತಿತು. ಆಮೇಲಿನ ಐದಾರು ವರ್ಷ ಅವನು ಮಾಡಿದ ಕೆಲಸಗಳ ಪಟ್ಟಿ ದೊಡ್ಡದು. ರೇಷ್ಮೆ, ಅಮೃತಮಹಲ್ ದನ, ಹೊಸ ನಾಣ್ಯ, ಹೊಸ ಪಂಚಾಂಗ, ಹೊಸ ಅಳತೆ. ಇಸ್ತಾಂಬುಲ್‌ಗೂ ಪ್ಯಾರಿಸ್‌ಗೂ ರಾಯಭಾರಿಗಳು ಹೋದರು. 1788ರಲ್ಲಿ ಫ್ರಾನ್ಸಿನ ದೊರೆ ಅವರನ್ನು ಬರಮಾಡಿಕೊಂಡ. ಆ ದೊರೆಯ ಕುರ್ಚಿಯೇ ಮುಂದಿನ ವರ್ಷ ಅಲ್ಲಾಡಿತು.

ಕೋಟೆಯೊಳಗೆ ಬೇಲಿ ಸೆರೆಮನೆ ಇದೆ. ಇಳಿಜಾರಾದ ಮೆಟ್ಟಿಲು, ತಗ್ಗಾದ ಕಮಾನು, ಗೋಡೆಗೆ ಸರಪಳಿ ಕಟ್ಟೋ ಕಲ್ಲು. ಬೇಲಿ 1782ರಲ್ಲಿ ಸೆರೆಯಲ್ಲೇ ಸತ್ತ, ಹೆಸರು ಅವನದ್ದೇ ಉಳಿದುಕೊಂಡಿದೆ. ಇಲ್ಲಿ ಕೂತಾಗಲೇ ನಾನು ಇನ್ನೊಂದು ಮಾತು ಹೇಳೋದು. ಈ ದ್ವೀಪ ರಾಜಧಾನಿಯೂ ಹೌದು, ಜೈಲೂ ಹೌದು. ಇಲ್ಲಿಗೆ ಬಂದವರು ಇಂಗ್ಲಿಷರು ಮಾತ್ರ ಅಲ್ಲ. 1784ರಲ್ಲಿ ಕೆನರಾದ ಕ್ರೈಸ್ತರನ್ನು, ಅದಾದ ಮೇಲೆ ಕೊಡವರನ್ನು ಸಾವಿರಾರು ಸಂಖ್ಯೆಯಲ್ಲಿ ಊರು ಬಿಡಿಸಿ ಇಲ್ಲಿಗೆ ನಡೆಸಿಕೊಂಡು ಬಂದರು. ದಾರಿಯಲ್ಲಿ ಸತ್ತವರು ಎಷ್ಟೋ, ಮತಾಂತರಕ್ಕೆ ಒಳಗಾದವರು ಎಷ್ಟೋ. ಲೆಕ್ಕದ ಬಗ್ಗೆ ಇತಿಹಾಸಕಾರರು ಜಗಳ ಆಡ್ತಾರೆ, ಆದದ್ದೇ ಇಲ್ಲ ಅಂತ ಯಾರೂ ಹೇಳೋಕಾಗಲ್ಲ. ನಮ್ಮ ಪಕ್ಕದ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರ್ ಮನೆತನಗಳು ತಮ್ಮವರನ್ನು ಟಿಪ್ಪು ಕೊಲ್ಲಿಸಿದ ದಿನ ಅಂತ ಇವತ್ತಿಗೂ ನರಕಚತುರ್ದಶಿ ಆಚರಿಸಲ್ಲ.

ಇದೇ ಸೆರೆಮನೆಯಿಂದ ಕೂಗಳತೆ ದೂರದಲ್ಲಿ ರಂಗನಾಥಸ್ವಾಮಿ ದೇವಸ್ಥಾನ. ಅರಮನೆ ಪಕ್ಕದಲ್ಲೇ ದೇವಸ್ಥಾನ ಇತ್ತು, ಪೂಜೆ ನಿಲ್ಲಲಿಲ್ಲ. 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ದೋಚಿದಾಗ ಶಾರದೆಯ ಪ್ರತಿಷ್ಠೆಗೆ ಹಣ, ಸಾಮಾನು ಕಳಿಸಿ ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆಸಿದವನೂ ಇವನೇ. ರಾಜಕೀಯ ಲೆಕ್ಕಾಚಾರ ಅಂತ ಕೆಲವರು, ಭಕ್ತಿ ಅಂತ ಕೆಲವರು. ಒಬ್ಬ ಮನುಷ್ಯ ಎರಡನ್ನೂ ಮಾಡಿರಬಹುದು ಅನ್ನೋದು ನನ್ನ ಅಭಿಪ್ರಾಯ. ಒಂದನ್ನು ಇನ್ನೊಂದರಿಂದ ಕಳೆದು ಸೊನ್ನೆ ಮಾಡೋಕೆ ಇದೇನು ಬ್ಯಾಲೆನ್ಸ್ ಶೀಟ್ ಅಲ್ಲ. ಜೂನಿಯರ್ ಏನೂ ಮಾತಾಡಲಿಲ್ಲ. ಗಂಜಾಂ ಗೆಳೆಯನೂ ಮಾತಾಡಲಿಲ್ಲ. ಮೆಟ್ಟಿಲು ಹತ್ತುವಾಗ ನೀರಿನ ಬಾಟಲಿ ಮಾತ್ರ ಇವನಿಂದ ಅವನಿಗೆ ಹೋಯ್ತು.

ಸಿವಿಲ್‌ನವರಿಗೆ ಅಂತ ರೈಲು ಹಳಿ ಪಕ್ಕದ ಮದ್ದಿನಮನೆ. ಬೆಂಗಳೂರು-ಮೈಸೂರು ಜೋಡಿ ಹಳಿಗೆ ಅಡ್ಡ ಇದೆ ಅಂತ 2017ರಲ್ಲಿ ಇಡೀ ಕಟ್ಟಡವನ್ನು ಬುಡದಿಂದ ಎತ್ತಿ, ಜಾಕ್ ಕೊಟ್ಟು, ಸುಮಾರು ನೂರು ಮೀಟರ್ ಆಚೆಗೆ ಸರಿಸಿ ಕೂರಿಸಿದರು. ಇಟ್ಟಿಗೆ-ಗಾರೆಯ ಸಾವಿರ ಟನ್ ಭಾರ ಬಿರುಕು ಬಿಡದೆ ನಡೆದದ್ದು ಅಂದರೆ ಸುಮ್ಮನೆ ಅಲ್ಲ. ಟಿಪ್ಪುವೇ ಇದ್ದಿದ್ರೆ ಯುದ್ಧ ಬಿಟ್ಟು ನೋಡ್ತಾ ನಿಲ್ತಿದ್ದ.

ಈಗ ನೀರಿನ ಮಾತು. ನಾನು ಗುಂಪು ಕರ್ಕೊಂಡು ಹೋಗೋದೇ ಇದಕ್ಕೆ. 1789ರ ಕೊನೆಯಲ್ಲಿ ತಿರುವಾಂಕೂರಿನ ಮೇಲೆ ಹೋಗಿ ಟಿಪ್ಪು ಮೂರನೇ ಯುದ್ಧ ತಂದುಕೊಂಡ. ಇಂಗ್ಲಿಷರ ಜೊತೆ ಮರಾಠರು, ನಿಜಾಮ ಸೇರಿದರು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದ, ಮೇ ಮಧ್ಯದಲ್ಲಿ ಅರಕೆರೆ ಹತ್ತಿರ ಟಿಪ್ಪುವನ್ನು ಸೋಲಿಸಿದ. ಪಟ್ಟಣ ಕಣ್ಣೆದುರಿಗೇ ಇತ್ತು. ಆದರೆ ಮಳೆ ಶುರುವಾಗಿ ಕಾವೇರಿ ಏರಿತು. ಮೇವಿಲ್ಲದೆ ಎತ್ತುಗಳು ಸತ್ತವು. ಮೇಲಿಂದ ಬರ್ತಿದ್ದ ಇನ್ನೊಂದು ದಂಡಿನ ಜೊತೆ ಸೇರೋಕೆ ಅಂತ ಕಣ್ಣಂಬಾಡಿವರೆಗೆ ಹೋದ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ವಾಪಸ್ ಹೋದ. ಹೊಳೆ ಟಿಪ್ಪುವನ್ನು ಕಾಪಾಡಿತು.

ಮುಂದಿನ ವರ್ಷ ಅವರು ಫೆಬ್ರವರಿಯಲ್ಲೇ ಬಂದರು. ಆಗ ಕಾಪಾಡೋಕೆ ನೀರಿರಲಿಲ್ಲ. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಅದು ತೀರುವ ತನಕ ಹತ್ತು ಮತ್ತು ಎಂಟು ವರ್ಷದ ಆಸುಪಾಸಿನ ಇಬ್ಬರು ಗಂಡುಮಕ್ಕಳು ಒತ್ತೆ. ಅಬ್ದುಲ್ ಖಾಲಿಕ್, ಮುಯಿಜುದ್ದೀನ್. ಮಕ್ಕಳು 1794ರಲ್ಲಿ ಮನೆಗೆ ಬಂದರು. ಅದೇ ವರ್ಷದ್ದು ಕಣ್ಣಂಬಾಡಿಯಲ್ಲಿ ಕಾವೇರಿಗೆ ಅಣೆ ಹಾಕುವ ಪಾರ್ಸಿ ಶಾಸನ. ಅದರ ನೀರಿನಿಂದ ಹೊಸದಾಗಿ ಬೇಸಾಯ ಮಾಡಿದವರಿಗೆ ಕಂದಾಯದಲ್ಲಿ ಕಾಲುಭಾಗ ಬಿಡುವ ಮಾತೂ ಅದರಲ್ಲಿದೆ. ಈಗಿನ ಅಣೆಕಟ್ಟು ಕೆಲಸ 1911ರಲ್ಲಿ ಶುರುವಾದಾಗ ಕಲ್ಲು ಸಿಕ್ಕಿತು, ಕೆಆರ್‌ಎಸ್‌ನಲ್ಲೇ ಇಟ್ಟಿದ್ದಾರೆ. ಹಾಗಂತ ಕಟ್ಟೆ ಟಿಪ್ಪುವಿನದ್ದಲ್ಲ. ಅದು ನಾಲ್ವಡಿಯವರದ್ದು, ವಿಶ್ವೇಶ್ವರಯ್ಯ ಮತ್ತು ಅವರ ಇಂಜಿನಿಯರುಗಳದ್ದು. ಇವನದ್ದು ಶಂಕುಸ್ಥಾಪನೆಯ ಮಾತು ಮಾತ್ರ, ಕಟ್ಟೋಕೆ ಕಾಲ ಸಿಗಲಿಲ್ಲ.

1799ರಲ್ಲಿ ಜನರಲ್ ಹ್ಯಾರಿಸ್ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಗೆದ್ದ. ಹಳೇ ದಾರಿಯ ಮೇವನ್ನು ಟಿಪ್ಪು ಸುಡಿಸಿದ್ದ. ಹ್ಯಾರಿಸ್ ಆ ದಾರಿ ಬಿಟ್ಟು ಸೋಸಲೆಯಲ್ಲಿ ಹೊಳೆ ದಾಟಿ, ಏಪ್ರಿಲ್ 5ಕ್ಕೆ ಕೋಟೆಯ ಪಶ್ಚಿಮಕ್ಕೆ, ಅಂದರೆ ನಮ್ಮ ಪಾಲಹಳ್ಳಿ ದಿಕ್ಕಿಗೆ ಬಂದು ಬೀಡುಬಿಟ್ಟ. ಟಿಪ್ಪು ಲೆಕ್ಕ ಸರಳ: ಜೂನ್ ತನಕ ತಡೆದರೆ ಹೊಳೆ ತುಂಬುತ್ತೆ, 1791 ಮತ್ತೆ ಆಗುತ್ತೆ. ಲೆಕ್ಕ ತಪ್ಪೇನಲ್ಲ. ಆ ಕಡೆ ಅಕ್ಕಿ ಮುಗೀತಾ ಬಂದಿತ್ತು. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ತಿಂಗಳು. ಅದು ಹ್ಯಾರಿಸ್‌ಗೆ ಸಿಕ್ಕಿತು.

ಮೇ 4ರ ಬೆಳಿಗ್ಗೆ ಜೋಯಿಸರು ದಿನ ಚೆನ್ನಾಗಿಲ್ಲ ಅಂದರು, ಟಿಪ್ಪು ದಾನ ಕೊಟ್ಟ. ಮಧ್ಯಾಹ್ನ ಊಟಕ್ಕೆ ಕೂತಾಗ ನಂಬಿಕಸ್ಥ ಸರದಾರ ಸೈಯದ್ ಗಫಾರ್ ಗುಂಡೇಟಿಗೆ ಸತ್ತ ಸುದ್ದಿ ಬಂತು. ಒಂದು ಗಂಟೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಬಂಡೆಗಳ ಮೇಲೆ ಓಡ್ತಾ ಹೊಳೆ ದಾಟಿದರು. ಮುಂದೆ ಡೇವಿಡ್ ಬೇರ್ಡ್ ಇದ್ದ. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು ಇದೇ ಪಟ್ಟಣದಲ್ಲಿ ಮೂರೂವರೆ ವರ್ಷ ಮೀರಿ ಸರಪಳಿಯಲ್ಲಿದ್ದವನು. ಮೀರ್ ಸಾದಿಕ್ ಆ ಹೊತ್ತಿಗೆ ಸರಿಯಾಗಿ ಕಾವಲಿನವರನ್ನು ಸಂಬಳಕ್ಕೆ ಅಂತ ಕರೆದ ಅನ್ನೋ ಮಾತು ಪಟ್ಟಣದಲ್ಲಿ ಎಲ್ಲರ ಬಾಯಲ್ಲಿದೆ. ಕೋಟೆಯ ಮೇಲೆ ಬಾವುಟ ಏರೋಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಟಿಪ್ಪು ಓಡಿಹೋಗಲಿಲ್ಲ. ಉತ್ತರದ ಗೋಡೆ ಮೇಲೆ ಕಾಲಾಳಿನ ಹಾಗೆ ಬಂದೂಕು ಹಿಡಿದು ಕಾದಾಡಿದ, ಗಾಯಗೊಂಡ, ನೀರುಬಾಗಿಲಿನ ಹತ್ತಿರ ನೂಕುನುಗ್ಗಲಿನಲ್ಲಿ ಬಿದ್ದ. ರಾತ್ರಿ ಪಂಜು ಹಿಡಿದು ಹೆಣಗಳ ರಾಶಿಯಲ್ಲಿ ಹುಡುಕಿ ತೆಗೆದಾಗ ಮೈ ಇನ್ನೂ ಬೆಚ್ಚಗಿತ್ತಂತೆ. ಮರುದಿನ ಸಂಜೆ ಗುಂಬಜ್‌ನಲ್ಲಿ ಅಪ್ಪನ ಪಕ್ಕ ಮಣ್ಣು ಮಾಡಿದರು. ಆವತ್ತೇ ಸಿಡಿಲು ಮಳೆ ಬಂತು, ಒಂದು ದಿನ ತಡವಾಗಿ.

ಮಕ್ಕಳು ಮರಿ ವೆಲ್ಲೂರಿಗೆ ಹೋದರು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯ ದಿವಾನರಾದರು, ರಾಜಧಾನಿ ಮೈಸೂರಿಗೆ ಹೋಯಿತು.

ನಮ್ಮ ಸುತ್ತಾಟ ಮುಗಿಯೋದು ಕೋಟೆಯ ಪಶ್ಚಿಮ ಮೂಲೆಯಲ್ಲಿ, ಗೋಡೆ ಒಡೆದ ಜಾಗದಲ್ಲಿ. ಇಂಗ್ಲಿಷ್ ಪಡೆಯಲ್ಲಿ ಸತ್ತವರ ನೆನಪಿಗೆ ನಿಲ್ಲಿಸಿದ ಕಂಬ ಅಲ್ಲಿದೆ. ನಾವು ಹೋದಾಗ ಕೆಆರ್‌ಎಸ್‌ನಿಂದ ನೀರು ಬಿಟ್ಟಿರಲಿಲ್ಲ, ಬಂಡೆಗಳೆಲ್ಲ ಎದ್ದು ಕಾಣ್ತಿದ್ವು. ಆಚೆ ದಡದಲ್ಲಿ ಒಬ್ಬರು ಎಮ್ಮೆ ತೊಳೀತಿದ್ರು. ನೀರು ಅವರ ಮೊಣಕಾಲಿಗೂ ಬರ್ತಿರಲಿಲ್ಲ. ಮಡಿಕೇರಿ ಹುಡುಗ ತುಂಬಾ ಹೊತ್ತು ನೋಡ್ತಾ ನಿಂತಿದ್ದು, ಈ ನೀರು ನಮ್ಮೂರಿಂದ ಇಲ್ಲಿಗೆ ಬರೋಕೆ ಎಷ್ಟು ದಿನ ಬೇಕು ಅಂತ ಕೇಳಿದ. ಗಂಜಾಂ ಗೆಳೆಯ ಈಗ ನಡುವೆ ಕಟ್ಟೆ ಇದೆಯಲ್ಲೋ, ಗೇಟು ತೆಗೆದಾಗ ಅಂದ. ಅಷ್ಟರಲ್ಲಿ ಹೊಟ್ಟೆ ಹಸಿದಿತ್ತು. ಎಲ್ಲರೂ ಪಾಲಹಳ್ಳಿಗೆ ಬಂದ್ವಿ, ಅಮ್ಮ ಮುದ್ದೆ ಮಾಡಿದ್ರು.