ಸ್ಯಾಮ್ಯುಯೆಲ್ ಕೋಲ್ಟ್

ಅಮೆರಿಕದಲ್ಲಿ ಗಿಡ್ಡಮೂತಿಯ ಹಳೆಯ ರಿವಾಲ್ವರುಗಳನ್ನು ಒಡವೆಗಳಂತೆ ಸಂಗ್ರಹಿಸುವವರುಂಟು. ಜೇಬಿನಲ್ಲಿಟ್ಟು ತಿರುಗುವವರೂ ಉಂಟು. ರಿವಾಲ್ವರನ್ನು ಲೋಕಪ್ರಸಿದ್ಧಗೊಳಿಸಿದ ಕೋಲ್ಟನ ಚರಿತ್ರೆಯನ್ನು ವಾಚಕರು ಅರಿಯುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

1814ರಲ್ಲಿ ಹಾರ್ಟ್‌ಫರ್ಡ್ ನಗರದಲ್ಲಿ ಜನಿಸಿದ ಈತನು 1830ರಲ್ಲಿ ನಾವಿಕನಾಗಿ ಕಲ್ಕತ್ತೆಯ ಹಡಗನ್ನೇರಿ, ಆ ಯಾನದಲ್ಲಿಯೇ ತಿರುಗುವ ಗುಂಡುಗೂಡಿನ ಮಾದರಿಯನ್ನು ಮರದಲ್ಲಿ ಕೆತ್ತಿದನು. 1836ರಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. 1842ರಲ್ಲಿ ಕಾರ್ಖಾನೆ ಮುಚ್ಚಿತು. 1847ರಲ್ಲಿ ಮೆಕ್ಸಿಕೋ ಯುದ್ಧಕ್ಕಾಗಿ ಸರ್ಕಾರವು 1000 ರಿವಾಲ್ವರುಗಳನ್ನು ಬಯಸಲು, ಆತನ ದೆಸೆ ತಿರುಗಿತು. 1862ರಲ್ಲಿ, 47ನೆಯ ವಯಸ್ಸಿನಲ್ಲಿ, ಅಪಾರ ಐಶ್ವರ್ಯವನ್ನು ಬಿಟ್ಟು ಮೃತನಾದನು. ಎರಡಂಗುಲ ನಳಿಗೆಯ, ಆರು ಗುಂಡಿನ 'ಡಿಟೆಕ್ಟಿವ್ ಸ್ಪೆಷಲ್' ಅನ್ನು ಆತನ ಕಂಪೆನಿಯು 1927ರಲ್ಲಿ ಹೊರತಂದಿತು.

ಸೋಲಿಗಂಜದ ಆತನ ಸಾಹಸವು ಅನುಕರಣೀಯವೇ ಸರಿ. ಆದರೆ ಆಯುಧವನ್ನು ಕುಶಲಕಲೆಯೆಂದು ಕಾಪಿಡುವುದು ಬೇರೆ, ನೆರೆಯವನಿಗಂಜಿ ಜೇಬಿನಲ್ಲಿ ಹೊರುವುದು ಬೇರೆ. ಎರಡನೆಯದು ಪೌರಜೀವನಕ್ಕೆ ಶೋಭೆಯಲ್ಲವೆಂದು ನಮ್ಮ ಮತ.